ತಲೆಗೆ ಕೆಲಸ ಸಾಲ್ತಿಲ್ಲ: ಆಫೀಸಲ್ಲಿ ಕಾಡೋ ಆ ಸುಸ್ತಿಗೆ ಸರಿಯಾದ ಮಾತು ಯಾವುದು?

[ದೃಶ್ಯ: ಕಂಪ್ಯೂಟರ್ ಪರದೆ. ಮೂಲೆಯಲ್ಲಿ ಸಮಯ 11:10.]

ವರದಿ ಮುಗಿದಿದೆ. ಕೊಡಬೇಕಾದದ್ದು ಸಂಜೆ ಐದಕ್ಕೆ. ಈಗಲೇ ಕಳಿಸಿದರೆ ಇಂಥದ್ದೇ ಇನ್ನೊಂದು ಬರುತ್ತೆ. ಹಾಗಾಗಿ ಫೈಲ್ ತೆರೆದಿಟ್ಟು ಮೇಲಕ್ಕೂ ಕೆಳಕ್ಕೂ ಸ್ಕ್ರೋಲ್ ಮಾಡೋದು. ಕೆಲಸದಲ್ಲಿದ್ದೀವಿ ಅಂತ ತೋರಿಸೋ, ಹೆಸರಿನ ಪಕ್ಕದ ಹಸಿರು ಚುಕ್ಕಿ ಆರಬಾರದು ಅಂತ ಆಗಾಗ ಮೌಸ್ ಅಲ್ಲಾಡಿಸೋದು.

[ದೃಶ್ಯ: ನಿರೂಪಕರು ಕ್ಯಾಮೆರಾ ಮುಂದೆ.]

ನಮಸ್ಕಾರ. ಎರಡು ವರ್ಷ ನಾನು ಹೀಗೆ ಕೂತಿದ್ದೆ. ಮನೆಗೆ ಬರೋ ಹೊತ್ತಿಗೆ ದಿನವೆಲ್ಲ ಮೂಟೆ ಹೊತ್ತವರಷ್ಟು ಸುಸ್ತು. ಯಾಕೆ ಅಂತ ಕೇಳಿದರೆ ಬಾಯಿಗೆ ಬರ್ತಿದ್ದದ್ದು ಒಂದೇ ಮಾತು: "ಬೋರು."

ಆ ಮಾತಿನಿಂದ ನನಗೆ ನಷ್ಟವೇ ಆಯ್ತು. ಬೋರು ಅಂದ ಕೂಡಲೇ "ಸಂಬಳ ಬರ್ತಿದೆಯಲ್ಲ, ಇನ್ನೇನು ಬೇಕು?" ಅಂತಾರೆ. ನಮಗೇ ಶ್ರದ್ಧೆ ಇಲ್ಲ ಅಂತಾಗುತ್ತೆ. ಬೇಸರ ಅಂದರೆ ಇನ್ನೂ ಗೊಂದಲ. ದುಃಖ, ಮುನಿಸು, ಹೊತ್ತು ಹೋಗದ ಸಂಕಟ, ಮೂರನ್ನೂ ಆ ಒಂದೇ ಪದ ಹೊರುತ್ತೆ. "ಆಫೀಸಲ್ಲಿ ಬೇಸರ ಆಗ್ತಿದೆ" ಅಂದರೆ ಕೇಳಿದವರ ಮೊದಲ ಪ್ರಶ್ನೆ, "ಯಾರು ಏನಂದ್ರು?"

ಏಕತಾನತೆ ಅನ್ನೋಣವೇ? ಅದೂ ಹೊಂದಲ್ಲ. ದಿನಕ್ಕೊಂದು ಹೊಸ ಕೆಲಸ ಬಂದರೂ ಪ್ರತಿಯೊಂದೂ ತೀರಾ ಸಲೀಸಾಗಿರಬಹುದು.

[ದೃಶ್ಯ: ಪರದೆ ಮೇಲೆ ಎರಡು ಪದ: ಯೂಬರ್‌ಫೋರ್ಡರ್ಟ್, ಉಂಟರ್‌ಫೋರ್ಡರ್ಟ್.]

ಜರ್ಮನ್ನರ ಹತ್ತಿರ ಇದಕ್ಕೆ ನೇರವಾದ ಪದ ಇದೆ. ಫೋರ್ಡರ್ನ್ ಅಂದರೆ ಕೇಳು, ಬಯಸು. ಕೆಲಸ ನಮ್ಮ ಶಕ್ತಿ ಮೀರಿ ಕೇಳಿದರೆ ನಾವು ಯೂಬರ್‌ಫೋರ್ಡರ್ಟ್. ಶಕ್ತಿಗಿಂತ ಕಡಿಮೆ ಕೇಳಿದರೆ ಉಂಟರ್‌ಫೋರ್ಡರ್ಟ್. ಈ ಪದ ಯಾರನ್ನೂ ಬೈಯಲ್ಲ, ಕೆಲಸ ಎಷ್ಟು ಕೇಳ್ತಿದೆ ಅಂತ ಅಳೆಯುತ್ತೆ. ನನಗೆ ಇಷ್ಟವಾದದ್ದು ಅದೇ.

2007ರಲ್ಲಿ ಸ್ವಿಟ್ಜರ್ಲೆಂಡಿನ ಉದ್ಯಮ ಸಲಹೆಗಾರರಾದ ಫಿಲಿಪ್ ರೋಥ್ಲಿನ್ ಮತ್ತು ಪೀಟರ್ ವೆರ್ಡರ್ ಈ ಸ್ಥಿತಿಗೆ, ಅಂದರೆ ಕೆಲಸದ ಹೊರೆಯಿಂದ ಬಳಲಿಹೋಗೋ ಬರ್ನ್‌ಔಟ್‌ಗೆ ಎದುರಾದದ್ದಕ್ಕೆ, ಬೋರ್‌ಔಟ್ ಅಂತ ಹೆಸರಿಟ್ಟರು. ಸವಾಲಿನ ಕೊರತೆ, ಬೇಸರ, ನಿರಾಸಕ್ತಿ, ಈ ಮೂರೂ ಸೇರಿದ್ದು ಅದು. ಬಿಡುವಿಲ್ಲದವರ ಹಾಗೆ ಕಾಣಿಸಿಕೊಳ್ಳಲು ಜನ ಹೂಡೋ ಉಪಾಯಗಳನ್ನೂ ಅವರು ವಿವರಿಸಿದ್ದಾರೆ. ಅದನ್ನು ತಿಳಿದಾಗ ನನ್ನ ಮೌಸ್ ನೆನಪಾಯ್ತು. ಆ ನಾಟಕವೇ ಅಷ್ಟು ಸುಸ್ತು ಮಾಡ್ತಿತ್ತು. 2020ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಬೋರ್‌ಔಟ್‌ಗೆ ಸಿಕ್ಕ ಒಬ್ಬ ಉದ್ಯೋಗಿಗೆ ಆದದ್ದು ಮಾನಸಿಕ ಕಿರುಕುಳ ಅಂತ ಒಪ್ಪಿತು.

[ದೃಶ್ಯ: ಖಾಲಿ ಹಾಳೆ ಮೇಲೆ ಪೆನ್ನಿನಿಂದ ಬರೆಯುವ ಕೈ.]

ಆದರೆ ಬೋರ್‌ಔಟ್ ಅಂದರೂ ಮತ್ತೆ ಬೋರೇ ಕಿವಿಗೆ ಬೀಳುತ್ತೆ. ಕನ್ನಡದಲ್ಲಿ ಏನನ್ನೋಣ?

ಜಡ್ಡುಗಟ್ಟೋದು ಅನ್ನೋ ಒಳ್ಳೆ ಮಾತಿದೆ. ಆದರೆ ಅದು ಕೊನೆಯ ಹಂತ, ಹೊಸದು ಕಲಿಯೋ ಆಸೆಯೇ ಬತ್ತಿದ ಮೇಲಿನ ಮಾತು. ಅದಕ್ಕೆ ಮುಂಚಿನ ಸ್ಥಿತಿಗೆ, ಇನ್ನೂ ಚಡಪಡಿಕೆ ಉಳಿದಿರುವಾಗ, ನಾವು ದಿನಾ ಆಡೋ ಕ್ರಿಯಾಪದವೇ ಸಾಕು: ಸಾಲದು. ಹೊತ್ತು ಸಾಲಲ್ಲ, ಬೆಳಕು ಸಾಲಲ್ಲ ಅಂತೀವಲ್ಲ, ಹಾಗೆ: "ತಲೆಗೆ ಕೆಲಸ ಸಾಲ್ತಿಲ್ಲ."

'ತಲೆಗೆ' ಅನ್ನೋದನ್ನು ಬಿಡಬೇಡಿ. ಬರೀ ಸಾಲ್ತಿಲ್ಲ ಅಂದರೆ ಸಂಬಳದ ಮಾತು ಅಂದುಕೊಳ್ತಾರೆ. ಕೈ ತುಂಬ ಕೆಲಸ ಇದ್ದವರಿಗೂ ಈ ಮಾತು ಒಪ್ಪುತ್ತೆ. ಬೆಳಿಗ್ಗೆಯಿಂದ ಸಂಜೆವರೆಗೆ ಬೆರಳು ಓಡ್ತಾನೇ ಇರುತ್ತೆ, ತಲೆ ಮಾತ್ರ ಖಾಲಿ ಕೂತಿರುತ್ತೆ.

ಜಂಬ ಅಂದುಕೊಂಡಾರು ಅನ್ನೋ ಭಯ ನನಗೂ ಇತ್ತು. ಅದಕ್ಕೇ ಮಾತಿನ ಜೊತೆ ಒಂದು ಲೆಕ್ಕ ಇಟ್ಟುಕೊಂಡು ಮ್ಯಾನೇಜರ್ ಹತ್ತಿರ ಹೋದೆ. "ಸರ್, ತಲೆಗೆ ಕೆಲಸ ಸಾಲ್ತಿಲ್ಲ. ಈ ವರದಿಗೆ ಎರಡು ಗಂಟೆ ಸಾಕು. ಇದರಲ್ಲಿನ ಅಂಕಿಗಳು ತಿಂಗಳಿಂದ ತಿಂಗಳಿಗೆ ಯಾಕೆ ಏರುಪೇರಾಗ್ತವೆ ಅಂತ ಹುಡುಕೋಕೆ ಬಿಡಿ."

ಅವರು ಪೆನ್ನು ಕೆಳಗಿಟ್ಟರು. "ಎರಡೇ ಗಂಟೆನಾ? ನಾನು ಇಡೀ ದಿನ ಬೇಕು ಅಂದುಕೊಂಡಿದ್ನಲ್ರೀ!"