ಜಗಲಿಗೆ ಬಂದ ಜಪಾನಿನ ಪೆಟ್ಟಿಗೆ

ನಮಸ್ಕಾರ ಕೇಳುಗರೇ.

ಕಳೆದ ಮಳೆಗಾಲದಲ್ಲಿ ಪೆರ್ಲದಿಂದ ಅಕ್ಕನ ಮಗಳ ಫೋನ್ ಬಂತು. "ಚಿಕ್ಕಮ್ಮಾ, ನಿಮ್ಮ ಕಾರ್ಡಿನಲ್ಲಿ ಒಂದು ಆರ್ಡರ್ ಹಾಕಿ ಕೊಡ್ತೀರಾ?" ಅಂದಳು. ಅವಳಿಗೆ ಬೇಕಿದ್ದದ್ದು ಜಪಾನಿನ ಒಂದು ಸನ್‌ಸ್ಕ್ರೀನ್. ಪೇಟೆಯಲ್ಲಿ ಸಿಕ್ಕಿದ್ದನ್ನು ಹಚ್ಚಿಕೊಂಡು ಬಸ್ಸಿಗೆ ಕಾದರೆ ಹತ್ತು ನಿಮಿಷದಲ್ಲಿ ಬೆವರಿನ ಜೊತೆ ಬಿಳಿ ಬಿಳಿಯಾಗಿ ಕುತ್ತಿಗೆಗೆ ಇಳಿಯುತ್ತದಂತೆ. ನಮ್ಮ ಕಾಸರಗೋಡಿನ ಸೆಕೆ ನಿಮಗೆ ಗೊತ್ತಲ್ವಾ.

ಆದರೆ ಆ ಅಂಗಡಿ ಭಾರತಕ್ಕೆ ಕಳಿಸುವುದಿಲ್ಲ. ಇಂಥ ಕಡೆ ಫಾರ್ವರ್ಡಿಂಗ್ ಸರ್ವಿಸ್ ಬೇಕಾಗುತ್ತದೆ. ಅವರು ಜಪಾನಿನಲ್ಲೋ ಕೊರಿಯಾದಲ್ಲೋ ಅಮೆರಿಕದಲ್ಲೋ ಇರುವ ತಮ್ಮ ಗೋದಾಮಿನ ವಿಳಾಸ ಕೊಟ್ಟು, ಅದಕ್ಕೆ ನಮ್ಮ ಹೆಸರಿನದೇ ಒಂದು ನಂಬರ್ ಸೇರಿಸುತ್ತಾರೆ. ನಾವು ಕೊಂಡ ಸಾಮಾನು ಅಲ್ಲಿಗೆ ಹೋಗುತ್ತದೆ. ನಾಲ್ಕು ಅಂಗಡಿಯಿಂದ ಬಂದದ್ದನ್ನು ಒಂದೇ ಪೆಟ್ಟಿಗೆಗೆ ತುಂಬಿ ನಮ್ಮ ಮನೆಗೆ ಕಳಿಸುತ್ತಾರೆ. ಅಮೆರಿಕದ ಎಷ್ಟೋ ಗೋದಾಮುಗಳು ಡೆಲವೇರ್, ಒರೆಗಾನ್ ರಾಜ್ಯಗಳಲ್ಲಿವೆ, ಯಾಕಂದ್ರೆ ಅಲ್ಲಿ ಮಾರಾಟ ತೆರಿಗೆ ಇಲ್ಲ.

ನಮ್ಮೂರಿಗೆ ಪರದೇಶದ ಕ್ರೀಮು ಹೊಸದಲ್ಲ. ಕುಂಬಳೆ, ಉಪ್ಪಳದ ಕಡೆ ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚಿದರೆ ಸೋಪು, ಸೆಂಟು, ಕ್ರೀಮು ಇದ್ದೇ ಇರುತ್ತಿತ್ತು. ಆಗ ತರುವವರು ಬೇರೆ, ಹಚ್ಚುವವರು ಬೇರೆ. ಫಾರ್ವರ್ಡಿಂಗ್‌ನಲ್ಲಿ ಹಾಗಲ್ಲ. ಕಸ್ಟಮ್ಸ್ ಕಾಗದದಲ್ಲಿ ಆಮದು ಮಾಡಿಕೊಂಡವರು ಅಂತ ಬರೆಯುವುದು ನಮ್ಮದೇ ಹೆಸರು. ಕೊರಿಯರ್‌ನವರು ಆಧಾರ್ ಕೇಳುವುದು ಅದಕ್ಕೇ. ಇದು ನನಗೆ ಮೊದಲು ತಲೆಗೆ ಹೋಗಿರಲಿಲ್ಲ.

ಪೆಟ್ಟಿಗೆ ನೀರ್ಚಾಲಿನ ನಮ್ಮ ಮನೆಗೆ ಬಂದದ್ದು ಜುಲೈಯ ಒಂದು ಮಧ್ಯಾಹ್ನ, ಧಾರಾಕಾರ ಮಳೆಯಲ್ಲಿ. ಅಕ್ಕನ ಮಗಳೂ ಬಂದಿದ್ದಳು. ಜಗಲಿಯಲ್ಲಿಟ್ಟು ಕತ್ತರಿಯಿಂದ ಟೇಪು ಕತ್ತರಿಸಿದೆವು. ಮೇಲೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು, ಅದರ ಕೆಳಗೆ ಕಾಗದದ ಉಂಡೆಗಳು, ಎಲ್ಲ ತೆಗೆದ ಮೇಲೆ ತಳದಲ್ಲಿ ಎರಡು ಸನ್‌ಸ್ಕ್ರೀನ್, ಮುಖಕ್ಕೆ ಹಚ್ಚುವ ನೀರಿನಂಥ ಟೋನರ್ ಒಂದು, ಮುಖ ತೊಳೆಯುವ ಜೆಲ್ ಒಂದು. ಟೋನರಿನ ಮುಚ್ಚಳ ಸಡಿಲಾಗಿ ಅರ್ಧ ಬಾಟಲಿಯನ್ನು ಕಾಗದವೇ ಕುಡಿದುಬಿಟ್ಟಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಉಳಿದದ್ದನ್ನು ತೂಗಿದರೆ 900 ಗ್ರಾಂ ಸಹ ಇಲ್ಲ. ನಾವು ಕೊಟ್ಟದ್ದು 3 ಕಿಲೋದ ಬಾಡಿಗೆ!

ಲೆಕ್ಕ ಹೀಗೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ನಮ್ಮ ಪೆಟ್ಟಿಗೆ 30, 25, 20. ಗುಣಿಸಿದರೆ 15,000, ಭಾಗಿಸಿದರೆ 3. ನಿಜವಾದ ತೂಕ, ಈ ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಹಾಗಾಗಿ ಕಳಿಸುವ ಮೊದಲೇ ಗೋದಾಮಿನವರಿಗೆ "ಚಿಕ್ಕ ಪೆಟ್ಟಿಗೆಗೆ ಬದಲಿಸಿ, ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಫೋಟೋ ಕಳಿಸಿ" ಅಂತ ಬರೆದು ಕೇಳಿ. ಕೆಲವರು ಇದಕ್ಕೆ ಸ್ವಲ್ಪ ದುಡ್ಡು ಕೇಳುತ್ತಾರೆ, ಕೊಡಿ.

ಇನ್ನು ಸುಂಕ. ಅದು ಕ್ರೀಮಿನ ಬೆಲೆಗೆ ಮಾತ್ರ ಅಲ್ಲ, ಸಾಗಾಟದ ಖರ್ಚು, ವಿಮೆ ಎಲ್ಲ ಸೇರಿಸಿದ ಮೊತ್ತಕ್ಕೆ ಬೀಳುತ್ತದೆ. ಅದರ ಮೇಲೆ ಜಿಎಸ್‌ಟಿ. ಅದರ ಮೇಲೆ ಸುಂಕ ಕಟ್ಟಿಕೊಟ್ಟದ್ದಕ್ಕೆ ಕೊರಿಯರ್‌ನವರ ಫೀಸು. ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ, ಆರ್ಡರ್ ಹಾಕುವ ದಿನದ ದರವನ್ನೇ ನೋಡಿಕೊಳ್ಳಿ. "ಗಿಫ್ಟ್ ಅಂತ ಬರೆಸಿದರೆ ಸುಂಕ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 5,000 ರೂಪಾಯಿವರೆಗಿನ ಆ ರಿಯಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು, ಉಳಿದದ್ದು ರಾಖಿಗೆ ಮತ್ತು ಜೀವ ಉಳಿಸುವ ಔಷಧಕ್ಕೆ. ಬೆಲೆ ಕಡಿಮೆ ಬರೆಸುವುದೂ ಬೇಡ. ಪೆಟ್ಟಿಗೆ ಕಳೆದುಹೋದರೆ ವಿಮೆ ಸಿಗುವುದು ಬರೆದಷ್ಟಕ್ಕೇ.

ಇನ್ನೊಂದು ಮಾತು. ಪಾರ್ಸೆಲ್ ದಾರಿಯಲ್ಲಿದೆ ಅಂತ ನಾವು ಕಾಯುತ್ತಿರುವಾಗಲೇ "ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಈ ಲಿಂಕ್ ಒತ್ತಿ ದುಡ್ಡು ಹಾಕಿ" ಅಂತ ಮೆಸೇಜು ಬರಬಹುದು. ಕಸ್ಟಮ್ಸ್‌ನವರು ಯಾರದೋ ಸ್ವಂತ ಖಾತೆಗೆ ದುಡ್ಡು ಹಾಕಿ ಅನ್ನುವುದಿಲ್ಲ. ಕೊರಿಯರ್‌ನ ಆ್ಯಪಿಗೆ ನೀವೇ ಹೋಗಿ, ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿ.

ಸೆಂಟು, ಸ್ಪ್ರೇ ಡಬ್ಬಿ, ನೈಲ್ ಪಾಲಿಶ್ ಬೆಂಕಿ ಹಿಡಿಯುವಂಥವು. ವಿಮಾನದಲ್ಲಿ ಅವಕ್ಕೆ ಕಟ್ಟುನಿಟ್ಟು. ಎಷ್ಟೋ ಸಲ ಗೋದಾಮಿನಲ್ಲೇ ತೆಗೆದಿಡುತ್ತಾರೆ.

ದುಡ್ಡು ಹೋದರೆ ಹೋಗಲಿ. ನನ್ನ ಭಯ ಇರುವುದು ಡಬ್ಬಿಯೊಳಗಿನದರ ಬಗ್ಗೆ.

ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಮೂತ್ರಪಿಂಡದ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದೇ ಜಾತಿಯ ಮೂತ್ರಪಿಂಡ ಕಾಯಿಲೆಯ 22 ಜನರನ್ನು ಪರೀಕ್ಷಿಸಿದರು. 15 ಜನರಲ್ಲಿ ಅದರ ಅಪರೂಪದ ಬಗೆಯೊಂದು ಕಂಡಿತು. ಆ 15 ಜನರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದೆವು ಅಂತ ಹೇಳಿದರು. ಕಾರಣ ಕ್ರೀಮಿನಲ್ಲಿದ್ದ ಪಾದರಸ ಇರಬಹುದು ಅಂತಾರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟದ ಹಾಗೆ ಅದು ತಡೆಯುತ್ತದೆ, ಅದಕ್ಕೇ ಮುಖ ಬೆಳ್ಳಗೆ ಕಾಣುತ್ತದೆ. ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ, ಒಳಗಿಳಿದು ಮೂತ್ರಪಿಂಡ ಸೇರುತ್ತದೆ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಅಂತ ಅಂಗಡಿಗಳ ತಪಾಸಣೆ ಶುರುಮಾಡಿತು.

2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ಇಲ್ಲಿ ಮಾರುವ ಆಮದು ಕ್ರೀಮಿಗೆ ಕೇಂದ್ರದ ನೋಂದಣಿ ಬೇಕು, ಲೇಬಲ್ಲಿನ ಮೇಲೆ ಆ ನಂಬರು, ತರಿಸಿದವರ ಹೆಸರು ಇರಬೇಕು. ಪೆಟ್ಟಿಗೆಯಲ್ಲಿ ನೇರ ನಮ್ಮ ಜಗಲಿಗೆ ಬಂದದ್ದಕ್ಕೆ ಆ ಕಾವಲು ಇಲ್ಲ. ಹಾಗಾಗಿ ಕಂಪನಿಯ ಸ್ವಂತ ಅಂಗಡಿಯಿಂದಲೇ ಕೊಳ್ಳಿ. ಏನೇನು ಹಾಕಿದ್ದಾರೆ ಅಂತ ಪಟ್ಟಿ ಇಲ್ಲದ ಡಬ್ಬಿ ಬೇಡವೇ ಬೇಡ. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್ ಅಂತ ಕಂಡರೆ ಅದು ಪಾದರಸವೇ.

ಕೊರಿಯಾದ ಡಬ್ಬಿಯಲ್ಲಿ ತಾರೀಕು ನೋಡುವಾಗಲೂ ಜಾಗ್ರತೆ. ಎಷ್ಟೋ ಸಲ ಅಲ್ಲಿ ಅಚ್ಚಾಗಿರುವುದು ತಯಾರಾದ ದಿನ. ಅವಧಿ ಮುಗಿದಿದೆ ಅಂತ ಅಕ್ಕನ ಮಗಳು ಒಂದು ಹೊಸ ಡಬ್ಬಿಯನ್ನು ಬಿಸಾಡಲು ಹೊರಟಿದ್ದಳು. ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದಾಗ ಗೊತ್ತಾಯಿತು. ವಿಟಮಿನ್ ಸಿ ಸೀರಮ್ ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಟ್ಟಿದೆ ಅಂತಲೇ ಲೆಕ್ಕ.

ಈ ಸಲ ಅವಳು ಇಬ್ಬರು ಗೆಳತಿಯರ ಜೊತೆ ಸೇರಿ ಪಟ್ಟಿ ಮಾಡಿದ್ದಾಳೆ. ಬರೀ ಸನ್‌ಸ್ಕ್ರೀನ್, ಚಿಕ್ಕ ಪೆಟ್ಟಿಗೆ.

ನಮ್ಮ ಪಕ್ಕದ ಮನೆಯ ಹುಡುಗಿಯೊಬ್ಬಳು ಒಂದು ವರ್ಷದಿಂದ ಹಚ್ಚುತ್ತಿದ್ದ ಡಬ್ಬಿಯನ್ನು ಮೊನ್ನೆ ತಂದು ತೋರಿಸಿದಳು. ತಿರುಗಿಸಿ ನೋಡಿದೆ. ಮುಚ್ಚಳದ ಮೇಲೆ ಬೆಳ್ಳಗಿನ ಹೆಣ್ಣಿನ ಚಿತ್ರ, ತಳದಲ್ಲಿ ಏನೂ ಇಲ್ಲ, ತಯಾರಿಸಿದವರ ಹೆಸರೂ ಇಲ್ಲ. "ಕಾಲು ಊದಿಕೊಳ್ಳುತ್ತದಾ? ಮೂತ್ರದಲ್ಲಿ ನೊರೆ ಬರುತ್ತದಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹೌದಕ್ಕಾ, ಒಂದು ತಿಂಗಳಿಂದ ನೊರೆ ಇದೆ" ಅಂದಳು. ನಾಳೆ ಬೆಳಿಗ್ಗೆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಅವಳ ಜೊತೆ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ.

ನಮಸ್ಕಾರ.