ಅಗ್ಗದ ಮಾರ್ಕರಲ್ಲಿ ದುಡ್ಡು ಉಳಿಸಿದ್ದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡೋಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿಬಿಡ್ತೀನಿ, ನೋಡ್ತಾ ಇರಿ. ಇಲ್ಲಿ ಎರಡು ನೀಲಿ ಮಾರ್ಕರ್ ಇದಾವೆ, ಒಂದು ಆಲ್ಕೋಹಾಲ್ ಇಂಕಿನದ್ದು, ಇನ್ನೊಂದು ವಾಟರ್ ಬೇಸ್ಡು. ಎರಡರ ಕ್ಯಾಪೂ ತೆಗೆದು ಮೇಜಿನ ಮೇಲೆ ಹಾಗೇ ಮಲಗಿಸ್ತೀನಿ, ಕೊನೇಲಿ ಇವುಗಳ ಹತ್ರ ವಾಪಸ್ ಬರೋಣ. ಮುಂದಿನ ಸಾಲಲ್ಲಿ ಕೂತಿರೋರು ಮನಸ್ಸು ತಡೀದೆ ಎದ್ದು ಬಂದು ಕ್ಯಾಪ್ ಹಾಕ್ಬಿಡಬೇಡಿ, ಹಿಂದೆ ಒಂದ್ಸಲ ಯಾರೋ ಪುಣ್ಯಾತ್ಮರು ಹಾಗೇ ಮಾಡಿದ್ರು, ಪ್ರಯೋಗ ಅಲ್ಲಿಗೇ ಮುಗೀತು.

ನನ್ನನ್ನ ಎಲ್ರೂ ಕೇಳೋದು ಒಂದೇ ಪ್ರಶ್ನೆ, ಈ ಸೆಟ್ ಚೆನ್ನಾಗಿದ್ಯಾ, ತಗೋಬಹುದಾ. ನಾನು ವಾಪಸ್ ಕೇಳೋದು, ಇದನ್ನ ಇಷ್ಟು ಕಮ್ಮಿಗೆ ಕೊಡೋಕ್ಕೆ ಅವ್ರು ಎಲ್ಲಿ ಕೈ ಬಿಗಿ ಹಿಡಿದಿದ್ದಾರೆ ಅಂತ ನೋಡಿದ್ರಾ? ಮಾರ್ಕರ್ ಅಂದ್ರೆ ಏನಿದೆ ಹೇಳಿ, ಇಂಕು, ಇಂಕು ಹಿಡ್ಕೊಂಡಿರೋ ಒಳಗಿನ ಉರುಳೆ, ನಿಬ್ಬು, ಕ್ಯಾಪು, ಅಷ್ಟೇ. ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಉಳಿಸಿರ್ತಾರೆ. ಉಳಿಸಿದ ಜಾಗ ನಿಮಗೆ ಬೇಕಿಲ್ದೇ ಇರೋದಾದ್ರೆ ಆ ಸೆಟ್ ನಿಮಗೆ ಲಾಭ, ಬೇಕಾಗಿರೋ ಜಾಗದಲ್ಲೇ ಕತ್ತರಿ ಹಾಕಿದ್ರೆ ಅದೆಷ್ಟೇ ಅಗ್ಗ ಆದ್ರೂ ದುಬಾರೀನೇ.

ಒಂದ್ಸಲ ಒಣಗಿಹೋದ ಎರಡು ಮಾರ್ಕರ್‌ನ ಇಕ್ಕಳ ಹಿಡಿದು ಬಿಚ್ಚಿದ್ದೆ, ಒಂದು ಒಳ್ಳೇದು, ಒಂದು ಅಗ್ಗದ್ದು. ಒಳಗೆ ಇಂಕು ಕುಲುಕಾಡ್ತಾ ಇರುತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಹಾಗೇನಿಲ್ಲ. ಸಿಗರೇಟ್ ಫಿಲ್ಟರ್ ಥರ ಪಾಲಿಯೆಸ್ಟರ್ ನೂಲಿನ ಒಂದು ಕಂತೆ, ಸುತ್ತ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ದೀಪದ ಬತ್ತಿ ಎಣ್ಣೆ ಹೀರೋ ಹಾಗೆ ಇಂಕು ಆ ಕಂತೆಯಿಂದ ನಿಬ್ಬಿಗೆ ಏರುತ್ತೆ. ಹೊರಗಿನಿಂದ ನೋಡಿದ್ರೆ ಎರಡು ಮಾರ್ಕರೂ ಒಂದೇ ಉದ್ದ, ಒಂದೇ ದಪ್ಪ. ಅಗ್ಗದ್ದರ ಒಳಗಿನ ಕಂತೆ ಮಾತ್ರ ಕೊಳವೆಯ ಮುಕ್ಕಾಲು ಭಾಗಕ್ಕೂ ಬಂದಿರ್ಲಿಲ್ಲ, ಮಿಕ್ಕಿದ್ದು ಬರೀ ಗಾಳಿ! ಅವತ್ತಿಂದ ನಾನು ಮಾರ್ಕರ್ ಸೈಜ್ ನೋಡಿ ಮರುಳಾಗೋದು ಬಿಟ್ಟೆ. ಬಿಚ್ಚದೇನೇ ತಿಳ್ಕೋಬೇಕು ಅಂದ್ರೆ ತೂಕ ನೋಡಿ, ಒಂದೇ ಸೈಜಿನ ಎರಡು ಕಂಪನಿ ಮಾರ್ಕರ್ ಕೈಯಲ್ಲಿ ಹಿಡಿದ್ರೇ ಒಂದು ಅಂದಾಜು ಸಿಗುತ್ತೆ.

ಇನ್ನು ನಿಬ್ಬು. ಹಳೇ ಕಾಲದ ಮಾರ್ಕರ್ ತುದಿ ಒತ್ತಿದ ಉಣ್ಣೆ, ಅಂದ್ರೆ ಫೆಲ್ಟು, ಫೆಲ್ಟ್ ಪೆನ್ ಅನ್ನೋ ಹೆಸರು ಬಂದಿದ್ದೇ ಅದರಿಂದ. 1962ರ ಹೊತ್ತಿಗೆ ಜಪಾನಲ್ಲಿ ಯುಕಿಯೊ ಹೋರಿಯೆ ಅನ್ನೋರು ಸಿಂಥೆಟಿಕ್ ನೂಲುಗಳನ್ನ ಅಂಟಿಂದ ಬಿಗಿದು ಮೊನಚು ಮಾಡಿದ ಪೆನ್ ತಂದ್ರು, ಇವತ್ತು ನಮ್ಮ ಕೈಯಲ್ಲಿರೋ ಸ್ಕೆಚ್ ಪೆನ್ನೆಲ್ಲ ಆ ವಂಶದ್ದೇ. ಆ ನೂಲು ಎಷ್ಟು ಬಿಗಿಯಾಗಿ ಅಂಟಿದೆ ಅನ್ನೋದ್ರ ಮೇಲೆ ನಿಬ್ಬಿನ ಆಯಸ್ಸು. ಅಗ್ಗದ್ದರಲ್ಲಿ ಎರಡು ಪೇಜ್ ಬಣ್ಣ ತುಂಬೋಷ್ಟರಲ್ಲಿ ತುದಿ ಹಳೇ ಹಲ್ಲುಜ್ಜೋ ಬ್ರಷ್ ಥರ ಅರಳ್ಕೊಳ್ಳುತ್ತೆ, ಆಮೇಲೆ ಸಣ್ಣ ಗೆರೆ ಮರೆತುಬಿಡಿ. ಹಾಗಾಗಿ ಹೊಸ ಸೆಟ್ ತಂದ ದಿನ ಚೂಪು ತುದೀಲಿ ಒಂದು ಗೆರೆ ಎಳೆದಿಟ್ಕೊಳ್ಳಿ, ಅಂಗೈ ಅಗಲದಷ್ಟು ಜಾಗಕ್ಕೆ ಒತ್ತಿ ಬಣ್ಣ ತುಂಬಿ, ಪಕ್ಕದಲ್ಲೇ ಇನ್ನೊಂದು ಗೆರೆ ಎಳೀರಿ. ಎರಡೂ ಒಂದೇ ದಪ್ಪ ಇದ್ರೆ ಸೈ. ಅಗಲದ ಚಿಸೆಲ್ ನಿಬ್ ಆದ್ರೆ ಬೆಳಕಿಗೆ ಹಿಡಿದು ಅಂಚು ನೆಟ್ಟಗೆ ಕತ್ತರಿಸಿದ್ದಾರಾ ನೋಡಿ. ಬ್ರಷ್ ನಿಬ್ ಅಂತ ಬರೆದಿರೋದನ್ನ ಮಾತ್ರ ಸುಮ್ನೆ ನಂಬಬೇಡಿ. ಮೆಲ್ಲಗೆ ಒತ್ತಿದಾಗ ಬಾಗಿ, ಬಿಟ್ಟಾಗ ವಾಪಸ್ ನೆಟ್ಟಗಾದ್ರೆ ಅದು ಬ್ರಷ್ಷು, ಬಾಗದೇ ಮೊಂಡಾಗಿ ಕೂತ್ರೆ ಅದು ಬ್ರಷ್ ಆಕಾರದ ಕಡ್ಡಿ.

ಈಗ ಇಂಕಿಗೆ ಬರೋಣ, ಇಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಅಂಗಡೀಲಿ ಎಲ್ರೂ ಮಾಡೋದು ಏನು, ಬಿಲ್ಲಿನ ಹಿಂದುಗಡೆ ಒಂದು ಸುರುಳಿ ಗೀಚಿ, ಆಹಾ ಎಂಥಾ ಕಡು ಬಣ್ಣ ಅಂತ ಖುಷಿಯಾಗೋದು. ಮೊದಲನೇ ಗೆರೇಲಿ ಎಲ್ಲಾ ಮಾರ್ಕರೂ ಒಳ್ಳೇವೇ ಸ್ವಾಮಿ, ಬಣ್ಣ ಬಯಲಾಗೋದು ಎರಡನೇ ಪದರದಲ್ಲಿ. ಎರಡು ಚೌಕ ಬರ್ಕೊಳ್ಳಿ, ಒಂದನ್ನ ಸರಸರ ಅಂತ, ಹಿಂದಿನ ಗೆರೆ ಒಣಗೋಕ್ಕೆ ಬಿಡದೆ ತುಂಬಿ, ಇನ್ನೊಂದನ್ನ ಪ್ರತೀ ಗೆರೆ ಒಣಗಿಸ್ಕೊಂಡು ತುಂಬಿ. ಆಲ್ಕೋಹಾಲ್ ಮಾರ್ಕರ್ ಒಳ್ಳೇದಾಗಿದ್ರೆ ಮೊದಲ ಚೌಕ ಗೋಡೆಗೆ ಪೇಂಟ್ ಹೊಡೆದ ಹಾಗೆ ಒಂದೇ ಸಮ ಬರುತ್ತೆ, ಯಾಕಂದ್ರೆ ಹೊಸ ಗೆರೆಯಲ್ಲಿರೋ ಆಲ್ಕೋಹಾಲು ಹಳೇ ಗೆರೆಯ ಬಣ್ಣಾನ ಮತ್ತೆ ಕರಗಿಸ್ಕೊಂಡು ಬೆರೆತುಬಿಡುತ್ತೆ. ಇಂಕು ಜಿಪುಣತನದಿಂದ ಇಳೀತಾ ಇದ್ರೆ ಬೆರೆಯೋಕ್ಕೆ ಮುಂಚೆನೇ ಒಣಗಿ ಪಟ್ಟೆ ಪಟ್ಟೆ ಉಳಿಯುತ್ತೆ. ವಾಟರ್ ಬೇಸ್ಡ್‌ನಲ್ಲಿ ಪಟ್ಟೆ ಇದ್ದಿದ್ದೇ, ಅದನ್ನ ದೋಷ ಅಂತ ಹಿಡೀಬಾರ್ದು. ಅಲ್ಲಿ ನೋಡಬೇಕಾದ್ದು ಮೂರನೇ ಸಲ ತಿದ್ದಿದಾಗ ಪೇಪರ್ ಮೇಲೆ ಹಿಂಜಲು ಏಳುತ್ತಾ, ಸಣ್ಣ ಸಣ್ಣ ಉಂಡೆ ಕಟ್ಟುತ್ತಾ ಅಂತ.

ಅದು ಎದ್ರೂ ಮಾರ್ಕರ್‌ನ ಬೈಯೋ ಮುಂಚೆ ಪೇಪರ್ ಬದಲಾಯಿಸಿ ನೋಡಿ ಆಯ್ತಾ. ನಾನೇ ಒಂದು ಸೆಟ್ಟಿಗೆ ವಾರಗಟ್ಟಲೆ ಶಾಪ ಹಾಕಿದ್ದೆ, ಬಣ್ಣ ಅಂಚು ದಾಟಿ ಹರಡುತ್ತೆ, ಹಿಂದಿನ ಪೇಜಿಗೂ ಇಳಿಯುತ್ತೆ ಅಂತ. ಆಮೇಲೆ ನೋಡಿದ್ರೆ ನಾನು ಬಳಸ್ತಾ ಇದ್ದಿದ್ದು ಪ್ರಿಂಟರ್‌ಗೆ ಹಾಕೋ 75 ಜಿಎಸ್‌ಎಂ, ಅಂದ್ರೆ ಚದರ ಮೀಟರಿಗೆ 75 ಗ್ರಾಂ ತೂಗೋ ತೆಳು ಹಾಳೆ. ಅದೇ ಮಾರ್ಕರ್ ನುಣುಪಾದ ದಪ್ಪ ಹಾಳೆ ಮೇಲೆ ಸಂಭಾವಿತನ ಥರ ನಡ್ಕೊಳ್ತು. ಹಿಂದಿನ ಪುಟಕ್ಕೆ ಇಳಿಯೋದಂತೂ ಆಲ್ಕೋಹಾಲ್ ಇಂಕಿನ ಹುಟ್ಟುಗುಣ, ಎಷ್ಟೇ ದುಬಾರಿ ಮಾರ್ಕರ್ ತಂದ್ರೂ ಇಳಿಯುತ್ತೆ, ಕೆಳಗೊಂದು ರದ್ದಿ ಹಾಳೆ ಇಟ್ಕೊಳ್ಳಿ.

ಇನ್ನೊಂದು ಮೋಸ ಕ್ಯಾಪ್ ಬಣ್ಣದ್ದು. ಕ್ಯಾಪ್ ನೋಡಿದ್ರೆ ಆಕಾಶ ನೀಲಿ, ಬರೆದ್ರೆ ಶಾಯಿ ನೀಲಿ. ಪ್ರತೀ ಮಾರ್ಕರಿಂದ ಒಂದೊಂದು ಚೌಕ ತುಂಬಿ ಪಕ್ಕದಲ್ಲಿ ನಂಬರ್ ಬರೆದಿಟ್ಕೊಳ್ಳಿ, ಆಲ್ಕೋಹಾಲ್ ಇಂಕು ಒಣಗಿದ ಮೇಲೆ ತಿಳಿಯಾಗೋದ್ರಿಂದ ಒಣಗೋವರೆಗೂ ತೀರ್ಪು ಕೊಡಬೇಡಿ. ಈ ಚಾರ್ಟ್ ಮಾಡಿದಾಗ ಇನ್ನೊಂದು ಸತ್ಯಾನೂ ಹೊರಗೆ ಬರುತ್ತೆ. ಡಬ್ಬಿ ಮೇಲೆ ದೊಡ್ಡದಾಗಿ ನೂರು ಬಣ್ಣ ಅಂತ ಇರುತ್ತೆ, ಚಾರ್ಟಲ್ಲಿ ನೋಡಿದ್ರೆ ಅದ್ರಲ್ಲಿ ಎಷ್ಟೋ ಜೋಡಿ ಅವಳಿ ಜವಳಿ, ಮಿಕ್ಕಿದ್ದು ಕಿರುಚಾಡೋ ಬಣ್ಣಗಳು, ನೆರಳು ಹಾಕೋಕ್ಕೆ ಬೇಕಾದ ತಿಳಿ ಬೂದು, ಮುಖಕ್ಕೆ ಹಚ್ಚೋ ಮೆತ್ತನೆ ಕಂದು ಒಂದೂ ಇಲ್ಲ. ನನ್ನ ಪ್ರಕಾರ 24 ಬಣ್ಣದ ಸೆಟ್ಟಲ್ಲಿ ನಾಲ್ಕು ಬೂದು ಇದ್ರೆ ಅದು ನೂರರ ಸೆಟ್ಟಿಗಿಂತ ಮೇಲು, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು.

ಗೆರೆ ಎಳೆದು ಮೇಲೆ ಬಣ್ಣ ಹಚ್ಚೋರು ಆ ಎರಡರ ಜಗಳಾನೂ ಮೊದಲೇ ನೋಡ್ಕೋಬೇಕು. ಪೆನ್ನಲ್ಲಿ ಪರ್ಮನೆಂಟ್ ಅಂತ ಬರೆದಿದ್ರೂ ಆಲ್ಕೋಹಾಲ್ ಮಾರ್ಕರ್ ತಗುಲಿದ ತಕ್ಷಣ ಕರಗಿ ಮಸಿ ಮಸಿ ಆಗೋದು ಸಾಮಾನ್ಯ. 1987ರಲ್ಲಿ ಬಂದ ಕಾಪಿಕ್ ಅನ್ನೋ ಆಲ್ಕೋಹಾಲ್ ಮಾರ್ಕರ್ ಹೆಸರಲ್ಲೇ ಕಾಪಿ ಅಂತಿದೆ ನೋಡಿ, ಜೆರಾಕ್ಸ್ ಪ್ರತಿಯ ಕಪ್ಪು ಗೆರೆ ಮೇಲೆ ಹಚ್ಚಿದ್ರೂ ಅದು ಕದಡಬಾರ್ದು ಅನ್ನೋ ಲೆಕ್ಕದಲ್ಲೇ ಆ ಇಂಕು ಮಾಡಿದ್ದು. ಅಗ್ಗದ ಸೆಟ್ಟಲ್ಲೂ ಈ ಗುಣ ಸಿಗುತ್ತೆ, ಪರೀಕ್ಷೆ ಮಾಡದೆ ನಂಬಬಾರ್ದು ಅಷ್ಟೇ.

ಬಣ್ಣ ಎಷ್ಟು ದಿನ ಉಳಿಯುತ್ತೆ ಅನ್ನೋದಕ್ಕೆ ಮನೇಲೇ ಮಾಡೋ ಪರೀಕ್ಷೆ ಇದೆ. ಪಟ್ಟಿ ಪಟ್ಟಿ ಬಣ್ಣ ಹಚ್ಚಿ, ಅರ್ಧಕ್ಕೆ ಅಡುಗೆಮನೆ ಫಾಯಿಲ್ ಮುಚ್ಚಿ, ಬಿಸಿಲು ಬೀಳೋ ಕಿಟಕಿಗೆ ಅಂಟಿಸಿ ಒಂದೆರಡು ತಿಂಗಳು ಮರೆತುಬಿಡಿ. ಫಾಯಿಲ್ ತೆಗೆದಾಗ ಎದೆ ಧಸಕ್ ಅನ್ನುತ್ತೆ. ನಮ್ಮ ಮನೇಲಿ ಗುಲಾಬಿ ಹೆಚ್ಚೂಕಮ್ಮಿ ಕಾಣೆಯಾಗಿತ್ತು, ನೇರಳೆ ಹೋಗಿ ಕೊಳಕು ನೀಲಿ ಆಗಿತ್ತು, ಹೊಳೆಯೋ ಫ್ಲೋರೊಸೆಂಟ್ ಹಳದಿ ಇದ್ದ ಜಾಗಾನೇ ಗೊತ್ತಾಗ್ಲಿಲ್ಲ. ಡೈ ಇಂಕು, ಅಂದ್ರೆ ದ್ರವದಲ್ಲಿ ಪೂರ್ತಿ ಕರಗಿರೋ ಬಣ್ಣ, ಬೆಳಕಿಗೆ ಮುರಿದುಹೋಗುತ್ತೆ, ದುಬಾರಿ ಆಲ್ಕೋಹಾಲ್ ಮಾರ್ಕರಲ್ಲೂ ಇರೋದು ಸಾಮಾನ್ಯವಾಗಿ ಡೈ ಇಂಕೇ, ಹಾಗಾಗಿ ಇದೊಂದಕ್ಕೆ ಅಗ್ಗದ್ದನ್ನ ಮಾತ್ರ ಬೈಯೋದು ಅನ್ಯಾಯ. ಪುಸ್ತಕದೊಳಗೆ ಮುಚ್ಚಿಡೋ ಚಿತ್ರಕ್ಕೆ ಏನೂ ಚಿಂತೆ ಇಲ್ಲ. ಗೋಡೆಗೆ ಹಾಕೋದಾದ್ರೆ, ಯಾರಿಗಾದ್ರೂ ಮಾರೋದಾದ್ರೆ ಪಿಗ್ಮೆಂಟ್ ಇಂಕು, ಅಂದ್ರೆ ಕರಗದ ಬಣ್ಣದ ಪುಡಿ ಇರೋ ಇಂಕು ನೋಡಿ, ಇಲ್ಲ ಸ್ಕ್ಯಾನ್ ಮಾಡಿಟ್ಕೊಂಡು ಪ್ರಿಂಟ್ ಕೊಡಿ.

ಮಕ್ಕಳಿಗೆ ಕೊಡೋದಾದ್ರೆ ಒಂದು ಮಾತು. ಕ್ಯಾಪ್ ತುದೀಲಿ ತೂತು ಇರುತ್ತಲ್ಲ, ಅದು ಡಿಸೈನ್‌ಗೆ ಮಾಡಿದ್ದಲ್ಲ, ಮಗು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡ್ರೂ ಸ್ವಲ್ಪ ಉಸಿರಾಡ್ಲಿ ಅಂತ. ಐಎಸ್‌ಒ 11540 ಅನ್ನೋ ಮಾನದಂಡ ಇರೋದೇ ಈ ಕ್ಯಾಪಿನ ಸುರಕ್ಷತೆಗೆ. ಆಲ್ಕೋಹಾಲ್ ಮಾರ್ಕರ್ ಆದ್ರೆ ಕಿಟಕಿ ತೆಗೆದಿಡಿ.

ಕ್ಯಾಪ್ ವಿಷಯ ಬಂತಲ್ಲ, ನನ್ನ ಕೇಳಿದ್ರೆ ಅಗ್ಗದ ಮಾರ್ಕರ್ ಸಾಯೋದು ಅಲ್ಲೇ. ಇಂಕು ಚೆನ್ನಾಗಿರುತ್ತೆ, ನಿಬ್ಬೂ ಪರವಾಗಿಲ್ಲ, ಕ್ಯಾಪ್ ಸಡಿಲ, ಮೂರು ತಿಂಗಳಲ್ಲಿ ಬಳಸದೇನೇ ಖಾಲಿ. ಮುಚ್ಚಿದಾಗ ಟಕ್ ಅಂತ ಶಬ್ದ ಬರಬೇಕು, ಕ್ಯಾಪೊಳಗೆ ಇಣುಕಿದ್ರೆ ಇನ್ನೊಂದು ಪುಟ್ಟ ಬಟ್ಟಲು ಕಾಣಬೇಕು, ನಿಬ್ಬನ್ನ ಗಾಳಿಯಾಡದ ಹಾಗೆ ಮುಚ್ಚೋದು ಆ ಒಳಗಿನ ಬಟ್ಟಲು. ಅನುಮಾನ ಇದ್ರೆ ಚಿನ್ನ ತೂಗೋ ಥರದ, 0.01 ಗ್ರಾಂ ತೋರ್ಸೋ ಪುಟ್ಟ ತಕ್ಕಡೀಲಿ ಮುಚ್ಚಿದ ಮಾರ್ಕರ್ ತೂಗಿ ಬರೆದಿಡಿ, ವಾರ ಬಿಟ್ಟು ಮತ್ತೆ ತೂಗಿ. ಹತ್ತು ಮಾರ್ಕರಲ್ಲಿ ಒಂದು ಮಾತ್ರ ಮಿಕ್ಕವಕ್ಕಿಂತ ಜಾಸ್ತಿ ಇಳಿದಿದ್ರೆ ಅದರ ಕ್ಯಾಪ್ ಸೋರ್ತಾ ಇದೆ ಅಂತ ಲೆಕ್ಕ. ಒಣಗಿದ ಆಲ್ಕೋಹಾಲ್ ಮಾರ್ಕರಿಗೆ ನಾಲ್ಕು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ್ರೆ ಮತ್ತೆ ಬರೆಯುತ್ತೆ ನಿಜ, ಪದೇ ಪದೇ ಹಾಕಿದ್ರೆ ಬಣ್ಣ ತೆಳುವಾಗ್ತಾ ಹೋಗುತ್ತೆ, ಯಾಕಂದ್ರೆ ಹಾಕ್ತಿರೋದು ಬರೀ ದ್ರವ, ಬಣ್ಣ ಅಲ್ಲ.

ಸರಿ, ನಮ್ಮ ನೀಲಿಗಳು ಏನಾದ್ವು ನೋಡೋಣ. ವಾಟರ್ ಬೇಸ್ಡು, ಹೂಂ, ಏನೂ ಆಗೇ ಇಲ್ಲ ಅನ್ನೋ ಹಾಗೆ ಬರೀತಾ ಇದೆ. ಆಲ್ಕೋಹಾಲ್‌ದು... ಇಲ್ಲಿ, ಈ ಗೆರೆ ನೋಡಿ, ಕೊನೇ ಸಾಲಿಗೂ ಕಾಣ್ತಿದ್ಯಾ, ಮಧ್ಯೆ ಮಧ್ಯೆ ಬಿಳಿ ಬಿಟ್ಟು ಕೊರೀತಾ ಇದೆ. ಕ್ಯಾಪ್ ಹಾಕಿ ಮಲಗಿಸ್ತೀನಿ, ಒಳಗಿನ ಕಂತೆಯಿಂದ ಇಂಕು ಮತ್ತೆ ನಿಬ್ಬಿಗೆ ಬರ್ಲಿ. ಅಷ್ಟರಲ್ಲಿ ನಿಮ್ಮ ಪ್ರಶ್ನೆ ಏನಿದ್ರೂ ಕೇಳಿ, ಹಾಗೇ ಬ್ಯಾಗಲ್ಲಿ ಮಾರ್ಕರ್ ತಂದಿರೋರು ಒಂದೊಂದಾಗಿ ಇಲ್ಲಿ ತನ್ನಿ, ಎರಡು ಚೌಕ ತುಂಬೇ ನೋಡೋಣ.