ಅಜ್ಜಿಯ ಮಣೆ ಮತ್ತು ಡ್ರೋನ್
(ಮೈಸೂರಿನಲ್ಲಿ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆಯಿಂದ ನಿಮ್ಮ ಚಿತ್ರಗಳನ್ನು ನೋಡುತ್ತಿದ್ದೇನೆ. ಚೆನ್ನಾಗಿವೆ. ಒಂದೇ ತಕರಾರು. ಮುಕ್ಕಾಲು ಪಾಲು ಚಿತ್ರಗಳು ಡ್ರೋನ್‌ನಿಂದಲೇ ಶುರು. ಚಾಮುಂಡಿ ಬೆಟ್ಟ, ಅರಮನೆ, ಮತ್ತೆ ಬೆಟ್ಟ. ಹುಡುಗಿ ಕೈಕೊಟ್ಟ ಕಥೆಗೂ ಅದೇ, ಅಜ್ಜಿ ತೀರಿಕೊಂಡ ಕಥೆಗೂ ಅದೇ. ಅಜ್ಜಿ ಬದುಕಿದ್ದು ಅಗ್ರಹಾರದ ವಠಾರದಲ್ಲಿ, ಅಲ್ವಾ? ಅವರು ದಿನಾ ಕೂರುತ್ತಿದ್ದ ಮಣೆಯ ಎತ್ತರಕ್ಕೆ ಕ್ಯಾಮೆರಾ ಇಳಿಸಿ, ಆ ಖಾಲಿ ಮಣೆಯನ್ನು ಹತ್ತು ಸೆಕೆಂಡ್ ತೋರಿಸಿದ್ದರೆ ಸಾಕಿತ್ತು. ಮೇಲಿನಿಂದ ಊರು ಕಾಣುತ್ತದೆ. ಅಜ್ಜಿ ಕಾಣುವುದಿಲ್ಲ.

ಮಂಡ್ಯದ ಕಡೆ ಒಂದು ಆಲೆಮನೆಯಲ್ಲಿ ನಾವು ಶೂಟಿಂಗ್ ಮಾಡುತ್ತಿದ್ದೆವು. ನಾನು ಆಗ ಸಹಾಯಕ, ಅಂದರೆ ಛತ್ರಿ ಹಿಡಿಯುವವನು. ಮಗ ಬಂದು ‘ಗದ್ದೆ ಮಾರಿಬಿಟ್ಟೆ’ ಅಂತ ಅಪ್ಪನಿಗೆ ಹೇಳುವ ದೃಶ್ಯ. ನಿರ್ದೇಶಕರಿಗೆ ಅಪ್ಪನ ಮುಖದ ಕ್ಲೋಸಪ್ ಬೇಕು, ಕಣ್ಣೀರು ಬೇಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ, ಹಬೆಗೆ ಲೆನ್ಸ್ ಮಂಜಾಗುತ್ತಿದೆ. ಗ್ಲಿಸರಿನ್ ಹಾಕಿದರೆ ಬೆವರಿನ ಜೊತೆ ಇಳಿದುಹೋಗುತ್ತಿದೆ. ಒಂದು ಟೇಕ್, ಎರಡು ಟೇಕ್, ಆರು ಟೇಕ್. ಸಿನಿಮಾಗೆ ರೀಟೇಕ್ ಉಂಟು, ಬೆಲ್ಲಕ್ಕೆ ಇಲ್ಲ. ಪಾಕ ಏರಿತು, ಆಲೆಮನೆ ಯಜಮಾನರ ಕೋಪವೂ ಏರಿತು. ‘ನಿಮ್ ಅಳು ಮುಗಿಯೋದ್ರೊಳಗೆ ನನ್ ಬೆಲ್ಲ ಸೀದೋಯ್ತದೆ ಕಣ್ರಪ್ಪ!’

ಕ್ಯಾಮೆರಾಮನ್ ಏನೂ ಮಾತಾಡಲಿಲ್ಲ. ಟ್ರೈಪಾಡ್ ಎತ್ತಿಕೊಂಡು ಹಿಂದೆ ಹೋಗಿ, ಕಬ್ಬಿನ ಸಿಪ್ಪೆ ರಾಶಿ ಪಕ್ಕ ನಿಲ್ಲಿಸಿದರು. ಈಗ ಅಪ್ಪನ ಬೆನ್ನು ಮಾತ್ರ ಕಾಣುತ್ತಿದೆ. ಹಬೆಯ ಆಚೆ ಬಾಗಿಲಲ್ಲಿ ಮಗ, ಬೆರಳುದ್ದ. ಮಗ ಮಾತು ಹೇಳಿದ. ಪಾಕ ಕಲಕುತ್ತಿದ್ದ ಅಪ್ಪನ ಕೈ ಒಂದು ಸಲ ನಿಂತಿತು. ಮತ್ತೆ ಕಲಕತೊಡಗಿತು. ಅಷ್ಟೇ. ಯಜಮಾನರು ಬೈಯುವುದನ್ನು ಬಿಟ್ಟು ನನ್ನ ಕಿವಿಯಲ್ಲಿ, ‘ನಮ್ಮಪ್ಪಾನೂ ಹಿಂಗೇ ಬೆನ್ ತೋರ್ಸಿ ನಿಂತಿದ್ದ’ ಅಂದರು. ಯಾವಾಗ, ಯಾಕೆ ಅಂತ ನಾನು ಕೇಳಲಿಲ್ಲ. ಡ್ರೋನ್ ಇದ್ದಿದ್ದರೆ? ಆಲೆಮನೆಯ ಹೆಂಚು ಕಾಣುತ್ತಿತ್ತು.

ನಮ್ಮ ಮೈಸೂರಿನಲ್ಲೇ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರ ವಿಷಯ ನಿಮಗೆ ಗೊತ್ತೇ ಇದೆ. ಅವರು ಕ್ಯಾಮೆರಾ ಹಿಡಿದ 1959ರ ‘ಕಾಗಜ್ ಕೆ ಫೂಲ್’, ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ. ಅಗಲ ಪರದೆ ಸಿಕ್ಕಿದರೆ ನಾವಾದರೆ ಜನ ತುಂಬಿಸುತ್ತೇವೆ. ಅವರು ಖಾಲಿ ಬಿಟ್ಟರು. ಕತ್ತಲೆ ಸ್ಟುಡಿಯೋ, ಮೇಲಿನಿಂದ ಇಳಿಯುವ ಒಂದು ಬೆಳಕಿನ ಕೋಲು, ಇಬ್ಬರು ಮನುಷ್ಯರು. ದೀಪದ ಬೆಳಕು ದೂರ ಹೋದಷ್ಟೂ ಹರಡಿಕೊಳ್ಳುತ್ತದೆ, ಹಾಗೆ ನೆಟ್ಟಗೆ ಇಳಿಯುವುದಿಲ್ಲ. ಅದಕ್ಕೆ ಹೊರಗಿನ ಬಿಸಿಲನ್ನೇ ಎರಡು ದೊಡ್ಡ ಕನ್ನಡಿಗಳಲ್ಲಿ ಹಿಡಿದು ಒಳಗೆ ತಂದರು. ಕನ್ನಡಿ! ಮುಂದೆ ಅವರಿಗೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ನಿಮ್ಮ ಡ್ರೋನ್ ಬಾಡಿಗೆಯಲ್ಲಿ ಎಷ್ಟು ಕನ್ನಡಿ ಬರುತ್ತದೆ, ಲೆಕ್ಕ ಹಾಕಿ.

ಚೀಟಿ ಬಂತು. ಐದೇ ನಿಮಿಷವಂತೆ. ಲೆನ್ಸ್ ಬಗ್ಗೆ ತುಂಬ ಬರೆದುಕೊಂಡು ಬಂದಿದ್ದೆ, ಹೋಗಲಿ. ಒಂದು ಮಾತು ಮಾತ್ರ. ನಾಲೆ ಏರಿ ಮೇಲೆ ಒಬ್ಬ ನಡೆದು ಬರುತ್ತಿದ್ದಾನೆ ಅಂದುಕೊಳ್ಳಿ. ದೂರ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸ್‌ನಲ್ಲಿ ನೋಡಿದರೆ ಎಷ್ಟು ನಡೆದರೂ ಅಲ್ಲೇ ಇದ್ದಂತೆ ಕಾಣುತ್ತಾನೆ. ಹತ್ತಿರ ನಿಂತು ವೈಡ್, ಅಂದರೆ ಅಗಲಕ್ಕೆ ತೋರಿಸುವ ಲೆನ್ಸ್ ಹಾಕಿದರೆ ನಾಲ್ಕು ಹೆಜ್ಜೆಗೆ ಮೈಮೇಲೆ ಬಂದುಬಿಡುತ್ತಾನೆ. ಅದೇ ಏರಿ, ಅದೇ ಮನುಷ್ಯ. ಸಾಲ ವಸೂಲಿಗೆ ಬರುವವನಿಗೆ ಯಾವುದು, ಮಗನ ದಾರಿ ಕಾಯುವ ತಾಯಿಯ ಕಣ್ಣಿಗೆ ಯಾವುದು, ನೀವೇ ಯೋಚಿಸಿ. ಕೆಳಗಿನಿಂದ ನೋಡುವ ಲೋ ಆಂಗಲ್, ಮೇಲಿನಿಂದ ನೋಡುವ ಹೈ ಆಂಗಲ್, ಆ ಪಾಠ ಎಲ್ಲ ಮೊಬೈಲ್‌ನಲ್ಲೇ ಸಿಗುತ್ತದೆ, ಬಿಡಿ.

ನಾಳೆ ಬೆಳಿಗ್ಗೆ ಆರಕ್ಕೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಬನ್ನಿ. ಕ್ಯಾಮೆರಾ ಬೇಡ. ಒಂದು ಗಂಟೆ ಸುಮ್ನೆ ಒಂದೊಂದು ಜಾಗದಲ್ಲಿ ನಿಂತು, ಕೂತು ನೋಡೋಣ. ಕಾಫಿ ನನ್ನದು. ಡ್ರೋನ್ ತಂದವರಿಗೆ ಮಾತ್ರ ಇಲ್ಲ.